ತಿರುವಿನಲ್ಲಿ ಕೈ ಬೀಸಿದರೆ

ನಮ್ಮ ಕಡೆ ರಸ್ತೆಯಲ್ಲಿ ಹಿಂದಿನ ಗಾಡಿಯವನು ಹಾರನ್ ಹೊಡೆದರೆ ಮುಂದಿನವನು ಕೈ ಬೀಸುತ್ತಾನೆ. ಎದುರಿಗೆ ಏನೂ ಬರುತ್ತಿಲ್ಲ, ನೀನು ಹೋಗು ಎಂದು ಅದರ ಅರ್ಥ. ಕಬ್ಬಿನ ಲೋಡಿನ ಟ್ರ್ಯಾಕ್ಟರಿನವನು ಬೀಸುತ್ತಾನೆ, ಲಾರಿಯ ಕ್ಲೀನರ್ ಅರ್ಧ ಮೈ ಹೊರಗೆ ಹಾಕಿ ಬೀಸುತ್ತಾನೆ, ಟಿವಿಎಸ್‌ನಲ್ಲಿ ಹಾಲಿನ ಕ್ಯಾನು ಕಟ್ಟಿಕೊಂಡು ಹೋಗುವ ಅಜ್ಜನೂ ಬೀಸುತ್ತಾನೆ. ಹಿಂದಿನವನಿಗೆ ಮುಂದಿನ ರಸ್ತೆ ಕಾಣದಿದ್ದರೂ ಆ ಕೈ ನಂಬಿ ನುಗ್ಗುತ್ತಾನೆ. ಮುಖ ನೋಡದವನ ಕೈಗೆ ಜೀವ ಒಪ್ಪಿಸುವ ಈ ಪದ್ಧತಿ ನನಗೆ ಯಾವತ್ತೂ ಸರಿಬಂದಿಲ್ಲ. ನಾನು ಸರ್ವೇಯರ್. ಅಳೆಯದೆ ಏನನ್ನೂ ನಂಬಬಾರದು ಎನ್ನುವುದು ನನ್ನ ಕಸುಬು. ವರ್ಷಗಳು ಹೋದಂತೆ ಅದೇ ಸ್ವಭಾವವೂ ಆಗಿಬಿಟ್ಟಿದೆ.

ನನ್ನ ಮನೆ ನಂಜನಗೂಡಿನಲ್ಲಿ, ಕೆಲಸ ತಿ. ನರಸೀಪುರದಲ್ಲಿ. ಮದುವೆಯಾಗಲಿಲ್ಲ. ಯಾಕೆ ಎಂದು ಕೇಳುತ್ತಿದ್ದವರು ಕೇಳಿ ಕೇಳಿ ಸುಸ್ತಾಗಿ ಬಿಟ್ಟಿದ್ದಾರೆ. ಇನ್ನು ನನ್ನ ಕೆಲಸವಾದರೂ ನಾಲ್ಕು ಜನರನ್ನು ಹತ್ತಿರ ತರುವಂಥದ್ದೇ? ಹದ್ದುಬಸ್ತು, ಅಂದರೆ ಇಬ್ಬರ ಜಮೀನಿನ ನಡುವೆ ಗಡಿ ಗುರುತಿಸಿ ಕಲ್ಲು ನೆಡಿಸುವುದು. ಜಾಗ ಕಳೆದುಕೊಂಡವನು ನನ್ನ ವಂಶವನ್ನೆಲ್ಲ ಬೈಯುತ್ತಾನೆ. ಪಡೆದವನು, ಅದು ಮೊದಲಿನಿಂದಲೂ ನಂದೇ ಅಲ್ವಾ ಎಂದು ಟವೆಲ್ ಕೊಡವಿಕೊಂಡು ಹೋಗುತ್ತಾನೆ. ಎರಡು ಮನೆಯಲ್ಲೂ ಕಾಫಿ ಕುಡಿಯುವಂತಿಲ್ಲ. ಒಬ್ಬರ ಮನೆಯಲ್ಲಿ ಕುಡಿದರೆ ಇನ್ನೊಬ್ಬರ ಕಣ್ಣಲ್ಲಿ ಅಳತೆ ಕೆಟ್ಟಿತು. ಹಾಗಾಗಿ ಹೊಲದ ಬದಿಯಲ್ಲಿ ಬೇವಿನ ಮರವೋ ಹೊಂಗೆ ಮರವೋ ನೋಡಿಕೊಂಡು ಒಬ್ಬನೇ ಬುತ್ತಿ ಬಿಚ್ಚುವುದು ನನಗೆ ರೂಢಿಯಾಗಿತ್ತು.

ಹೀಗಿದ್ದ ನನಗೂ ಒಬ್ಬ ಸ್ನೇಹಿತ ಇದ್ದ. ಬಹುವಚನಕ್ಕೆ ಅವಕಾಶವಿರಲಿಲ್ಲ, ಅವನೊಬ್ಬನೇ. ಶಾಲೆಯಲ್ಲಿ ಒಂದೇ ಬೆಂಚು. ಈಗ ಅವನ ಮನೆ ನಮ್ಮ ಹಿಂದಿನ ಬೀದಿಯಲ್ಲಿ, ಅವನ ಬೈಕ್ ರಿಪೇರಿ ಅಂಗಡಿ ನರಸೀಪುರದ ಬಸ್ ಸ್ಟ್ಯಾಂಡಿನಿಂದ ಸ್ವಲ್ಪ ಮುಂದೆ. ಬೆಳಿಗ್ಗೆ ನನ್ನ ಸ್ಕೂಟರ್ ಮೊದಲು ಹೊರಡುತ್ತಿತ್ತು. ಸುತ್ತೂರು ಬರುವ ಹೊತ್ತಿಗೆ ಹಿಂದಿನಿಂದ ಅವನ ಬೈಕಿನ ಸದ್ದು ಕೇಳುತ್ತಿತ್ತು. ನಾನು ಕನ್ನಡಿ ನೋಡಿ ಕೈ ಬೀಸುತ್ತಿದ್ದೆ. ಹೌದು, ಆ ಪದ್ಧತಿಯನ್ನು ಅಷ್ಟು ಬೈದ ನಾನೇ, ಅವನೊಬ್ಬನಿಗೆ ಮಾತ್ರ. ಪಕ್ಕಕ್ಕೆ ಬಂದವನು, "ಲೇ ಆಮೆ, ಸಾಯಂಕಾಲುಕ್ಕಾದ್ರೂ ಆಪೀಸ್ ಸೇರ್ಕತೀಯೇನ್ಲಾ?" ಎಂದು ಕೂಗಿ ಹೋಗುತ್ತಿದ್ದ. ನಾನು ಬೈಯುತ್ತಿದ್ದೆ. ಗಾಳಿಯಲ್ಲಿ ಅವನಿಗೆ ಕೇಳಿಸುತ್ತಿತ್ತೋ ಇಲ್ಲವೋ. ಇಡೀ ದಿನದಲ್ಲಿ ನನ್ನನ್ನು ಯಾರಾದರೂ ಏಕವಚನದಲ್ಲಿ ಕರೆದರೆ ಅದೊಂದೇ ಸಲ. ಆಫೀಸಿನಲ್ಲಿ ನಾನು ಸಾರ್, ಹಳ್ಳಿಯಲ್ಲಿ ಸರ್ವೇರು.

ಅವನಿಗೆ ಮಣ್ಣಿನ ರೇಸಿನ ಹುಚ್ಚು. ಸುಗ್ಗಿ ಮುಗಿದ ಮೇಲೆ ನಂಜನಗೂಡಿನ ಆಚೆ ಬೀಳುಬಿದ್ದ ಖುಷ್ಕಿ ಜಮೀನಿನಲ್ಲಿ ಸುತ್ತಲಿನ ಊರುಗಳ ಬೈಕಿನವರು ಸೇರಿ ಓಟ ನಡೆಸುತ್ತಾರೆ. ಮರಳಿನ ಮೂಟೆ ಇಟ್ಟು ತಿರುವು ಮಾಡಿ, ಟ್ಯಾಂಕರಿನಿಂದ ನೀರು ಹೊಡೆಸಿ, ಧೂಳು ಕೂತ ಮೇಲೆ ಶುರು. ಮೊದಮೊದಲು ಅಲ್ಲಿ ಓಟಕ್ಕಿಂತ ಜಗಳವೇ ಜಾಸ್ತಿ. ಓವರ್‌ಟೇಕ್ ಮಾಡುವಾಗ ಒಬ್ಬನಿಗೊಬ್ಬ ತಗುಲಿ ಬಿದ್ದರೆ ತಪ್ಪು ಯಾರದು ಎಂದು ತೀರ್ಮಾನಿಸಲು ಬಂದವರೆಲ್ಲ ಬಿದ್ದವನ ಭಾವನೋ ಬೀಳಿಸಿದವನ ಚಿಕ್ಕಪ್ಪನೋ ಆಗಿರುತ್ತಿದ್ದರು. ನಮ್ಮ ಸೀಮೆಯಲ್ಲಿ ಕೆದಕಿದರೆ ಯಾರು ಯಾರಿಗೆ ನೆಂಟರಲ್ಲ? ಕೊನೆಗೆ ನನ್ನ ಸ್ನೇಹಿತನೇ, "ನಮ್ ಸರ್ವೇರ್ನ ಕೂರ್ಸಿ. ಅವ್ನು ಅವ್ರಪ್ಪನ್ ಜಮೀನ್ಗೂ ಒಂದ್ ಗೇಣು ಜಾಸ್ತಿ ಬುಡಲ್ಲ" ಎಂದು ಹೇಳಿ ನನ್ನನ್ನು ತೀರ್ಪುಗಾರನನ್ನಾಗಿ ಮಾಡಿಸಿದ. ನನ್ನ ಜೊತೆಗೆ ಒಬ್ಬರು ನಿವೃತ್ತ ಪಿ.ಟಿ. ಮೇಷ್ಟ್ರು. ಅವರು ಹಿರಿಯರು, ಆದರೆ ಕಾಯಿದೆ ಮಾತು ಬಂದರೆ ನನ್ನ ಮುಖ ನೋಡುತ್ತಿದ್ದರು.

ಎರಡು ವಿಷಯ ನಾನು ಜಾರಿಗೆ ತಂದೆ. ರೇಸಿನ ದಿನ ತೀರ್ಪುಗಾರ ಯಾವ ಸವಾರನ ಜೊತೆಗೂ ಕೂತು ಊಟ ಮಾಡಬಾರದು. ಇನ್ನೊಂದು, ವಿಚಾರಣೆಗೆ ಮೊದಲು ಎಲ್ಲರೆದುರಿಗೆ ತೀರ್ಪುಗಾರನನ್ನು ಕೇಳಬೇಕು: ಇವರು ನಿಮಗೆ ಏನಾಗಬೇಕು? ಸಂಬಂಧಿಯಾದರೆ ಎದ್ದು ಹೋಗಬೇಕು. ಅಳತೆಗೆ ಹೋದಾಗ ನಾನು ಪಾಲಿಸುತ್ತಿದ್ದ ಕ್ರಮವನ್ನೇ ಇಲ್ಲಿಗೂ ತಂದಿದ್ದೆ. ಅದರಿಂದ ಜಗಳ ಕಡಿಮೆಯಾಯಿತು, ನನಗೂ ಸ್ವಲ್ಪ ಜಂಭ ಬಂತು. ಊಟದ ಹೊತ್ತಿನಲ್ಲಿ ಮಾತ್ರ ಕಷ್ಟ. ಆಚೆ ಶಾಮಿಯಾನದಲ್ಲಿ ಸವಾರರೆಲ್ಲ ಒಟ್ಟಿಗೆ ಅನ್ನ ಸಾರು ಬಡಿಸಿಕೊಂಡು ಗಲಾಟೆ ಮಾಡುತ್ತಿದ್ದರೆ, ಈಚೆ ನಾನೂ ಮೇಷ್ಟ್ರೂ ಎದುರುಬದುರು ಕೂತು ಮಾತಿಲ್ಲದೆ ಉಣ್ಣುತ್ತಿದ್ದೆವು. ಮೇಷ್ಟ್ರು ಉಣ್ಣುವಾಗ ಮಾತಾಡುವವರಲ್ಲ.

ನನ್ನ ಸ್ನೇಹಿತ ಎಷ್ಟೋ ವರ್ಷ ಓಡಿಸಿದರೂ ಒಂದು ಸಲವೂ ಗೆದ್ದಿರಲಿಲ್ಲ. ಮಂಡಿ ನೋವು ಶುರುವಾಗಿತ್ತು. "ಇದೊಂದ್ಸಲ ಓಡ್ಸಿ ಬುಟ್ಬುಡ್ತೀನಿ ಕಣ್ಲಾ. ಒಂದೇ ಒಂದ್ಸಲ ಮೊದ್ಲು ಬರ್ಬೇಕು" ಎಂದು ಆ ವರ್ಷ ಹೇಳಿದ್ದ. ನನಗೂ ಅವನು ಗೆಲ್ಲಬೇಕೆಂಬ ಆಸೆ ಇತ್ತು. ಇತ್ತು ಎಂದು ಇಲ್ಲಿ ಬರೆಯಬಹುದು, ಅಲ್ಲಿ ತೋರಿಸುವಂತಿರಲಿಲ್ಲ.

ಕೊನೆಯ ಸುತ್ತಿನಲ್ಲಿ ತಲಕಾಡು ಕಡೆಯ ಒಬ್ಬ ಯುವಕ ಮುಂದಿದ್ದ, ನನ್ನ ಸ್ನೇಹಿತ ಅವನ ಬೆನ್ನಿಗೆ. ಆ ಯುವಕ ಇವನ ಅಂಗಡಿಯಲ್ಲೇ ಕೆಲಸ ಕಲಿತವನು. ಮರಳಿನ ಮೂಟೆಯ ತಿರುವಿಗೆ ಮುಂಚೆ ಯುವಕ ಒಮ್ಮೆ ತಿರುಗಿ ನೋಡಿ ಎಡಗೈ ಎತ್ತಿ ಬೀಸಿದ. ರಸ್ತೆಯಲ್ಲಿ ಬೀಸುತ್ತಾರಲ್ಲ, ಅಚ್ಚು ಹಾಗೆಯೇ. ಇವನು ಒಳಗಿನಿಂದ ನುಗ್ಗಿದ. ಅಷ್ಟರಲ್ಲಿ ಯುವಕನ ಬೈಕೂ ಒಳಕ್ಕೆ ತಿರುಗಿತು. ಇವನ ಮುಂದಿನ ಚಕ್ರ ಅವನ ಹಿಂದಿನ ಚಕ್ರಕ್ಕೆ ತಾಕಿತು, ಯುವಕ ಮೂಟೆಗಳ ಮೇಲೆ ಬಿದ್ದ. ಇವನು ಎರಡು ಕಾಲೂ ನೆಲಕ್ಕೆ ಕೊಟ್ಟು ಬೈಕ್ ಉಳಿಸಿಕೊಂಡು ಮೊದಲಿಗನಾಗಿ ಗೆರೆ ದಾಟಿದ. ಜನ ಕೂಗಿದರು. ಅವನು ಹೆಲ್ಮೆಟ್ ತೆಗೆದು ನನ್ನ ಕಡೆ ನೋಡಿ ನಕ್ಕ. ನಾನು ನಗಲಿಲ್ಲ, ನನ್ನ ಕಣ್ಣು ಆಗಲೇ ತಿರುವಿನ ಮಣ್ಣಿನ ಮೇಲಿತ್ತು.

ಯುವಕನಿಗೆ ಮೊಣಕೈ ತರಚಿತ್ತು, ಅಷ್ಟೇ. ಅವನ ಕಡೆಯವರು ದೂರು ಕೊಟ್ಟರು. ನಾನು ತಿರುವಿಗೆ ಹೋಗಿ ಬಗ್ಗಿ ಹಸಿ ಮಣ್ಣಿನ ಮೇಲಿನ ಚಕ್ರದ ಗುರುತು ನೋಡಿದೆ. ಟ್ರ್ಯಾಕ್ಟರ್ ಮೇಲೆ ನಿಂತಿದ್ದವರೊಬ್ಬರು ಮೊಬೈಲಿನಲ್ಲಿ ಹಿಡಿದಿದ್ದನ್ನೂ ನೋಡಿದೆವು. ನಮ್ಮಲ್ಲಿದ್ದ ನಿಯಮ ಸರಳ. ತಿರುವು ಶುರುವಾಗುವ ಮೊದಲು ಹಿಂದಿನವನ ಮುಂಚಕ್ರ ಮುಂದಿನವನ ಪಾದದ ಸಮಕ್ಕೆ ಬಂದಿದ್ದರೆ ಇಬ್ಬರೂ ಒಬ್ಬರಿಗೊಬ್ಬರು ದಾರಿ ಬಿಟ್ಟುಕೊಡಬೇಕು. ಬಾರದಿದ್ದರೆ ದಾರಿ ಮುಂದಿನವನದು, ತಗುಲಿದರೆ ತಪ್ಪು ಹಿಂದಿನವನದು. ಇವನ ಚಕ್ರ ಬಂದಿರಲಿಲ್ಲ. ಎಷ್ಟು ಸಲ ನೋಡಿದರೂ ಬಂದಿರಲಿಲ್ಲ.

ವಿಚಾರಣೆ ಶಾಮಿಯಾನದ ಕೆಳಗೆ. ಮೇಷ್ಟ್ರು ಕ್ರಮದ ಪ್ರಕಾರ ನನ್ನ ಸ್ನೇಹಿತನ ಕಡೆ ಕೈ ತೋರಿಸಿ ಕೇಳಿದರು. "ಇವರು ನಿಮಗೆ ಏನಾಗಬೇಕು?"

"ಏನೂ ಆಗಬೇಕಿಲ್ಲ" ಎಂದೆ.

ಮೇಷ್ಟ್ರು ತಲೆಯಾಡಿಸಿ ಮುಂದುವರಿದರು. ಸ್ನೇಹಿತ ಎಂದರೆ ನಮ್ಮ ನಿಯಮದಲ್ಲಿ ಸಂಬಂಧವಲ್ಲ. ಅವನೂ ನೆಲ ನೋಡುತ್ತ ನಿಂತಿದ್ದ.

ಮೊದಲು ಯುವಕ ಮಾತಾಡಿದ. "ಅಣ್ಣಾರು ಇಂದೆ ಬತ್ತಾವ್ರೆ ಅಂತ ಕೈ ಬೀಸ್ದೆ ಸಾ. ಸುಳ್ಳು ಯಾಕ್ ಯೇಳ್ಲಿ? ಬೀಸಿದ್ಮೇಲೆ ನೋಡುದ್ರೆ ತಿರುವು ಬಂದ್ಬುಟ್ಟಿತ್ತು. ತಿರುಗುಸ್ದೆ ಇದ್ರೆ ಮೂಟೆಗೇ ಓಗಿ ಗುದ್ಬೇಕಿತ್ತು."

ನನ್ನ ಸ್ನೇಹಿತನನ್ನು ಕೇಳಿದಾಗ, "ಅವ್ನು ಬೀಸ್ದ, ನಾನು ನುಗ್ದೆ. ಅಷ್ಟೇ ಸಾ" ಎಂದ. ವಿಚಾರಣೆಯಲ್ಲಿ ಎಲ್ಲರೂ ನಮ್ಮನ್ನು ಸಾ ಎನ್ನಲೇಬೇಕಿತ್ತು. ಆದರೂ ಅವನ ಬಾಯಿಂದ ಕೇಳಿ ನನಗೆ ಒಂಥರಾ ಆಯಿತು.

ಇಬ್ಬರೂ ನಿಜ ಹೇಳುತ್ತಿದ್ದರು. ಅದೇ ನನ್ನ ಕರ್ಮ. ಹೊರದೇಶದ ಯಾವ ರೇಸಿನಲ್ಲಿ ಮುಂದಿರುವವನು ಹಿಂದಿನವನಿಗೆ ದಯಮಾಡಿಸಿ ಎಂದು ಕೈ ಬೀಸುತ್ತಾನೆ? ಗೆಲ್ಲಬೇಕೆಂದು ಪ್ರಾಣ ಬಿಡುತ್ತಿರುವಾಗಲೂ ಹಿರಿಯ ಬಂದ ಎಂದು ಕೈ ತಾನಾಗಿ ಏಳುವುದು, ಆ ಕೈಯನ್ನು ನಂಬಿ ಇನ್ನೊಬ್ಬ ನುಗ್ಗುವುದು, ಇದೆಲ್ಲ ನಮ್ಮವರಿಗೇ ಸಾಧ್ಯ. ನಾನು ಮತ್ತು ಮೇಷ್ಟ್ರು ಪಕ್ಕಕ್ಕೆ ಹೋಗಿ ಮಾತಾಡಿದೆವು.

"ಅಲ್ಲಾ ಕಣ್ರೀ, ಊಟಕ್ ಬಾ ಅಂತ ಕರ್ದು ಬಾಗ್ಲಾಕ್ಕೊಂಡಂಗಾಯ್ತಲ್ಲಾ ಇದು?" ಎಂದರು ಮೇಷ್ಟ್ರು.

"ಇವತ್ತು ಕೈಗೆ ಬೆಲೆ ಕೊಟ್ರೆ ಮುಂದಿನ್ಸಲ ಬೇಕಂತ್ಲೇ ಕೈ ಬೀಸಿ ಬೀಳಿಸ್ತಾರೆ ಮೇಷ್ಟ್ರೇ. ಇಲ್ಲಿ ಬಾವುಟ ಬಿಟ್ರೆ ಬೇರೆ ಸನ್ನೆ ಇಲ್ಲ. ನುಗ್ಗೋನು ತನ್ನ ಕಣ್ಣು ನಂಬ್ಬೇಕು."

"ಹಂಗಾದ್ರೆ ನೀವೇ ಹೇಳಿ."

ನಾನೇ ಹೇಳಿದೆ. ಡಿಕ್ಕಿಗೆ ಕಾರಣ ಹಿಂದಿನ ಸವಾರ, ಅವನ ಗೆಲುವು ರದ್ದು, ಮುಗಿಸಿದವರಲ್ಲಿ ಕೊನೆಯ ಸ್ಥಾನ. ಕೈ ಬೀಸಿದ್ದಕ್ಕೆ ಯುವಕನಿಗೆ ಎಚ್ಚರಿಕೆ. ಈಗ ಕೇಳಿದರೂ ನಾನು ಇದನ್ನೇ ಹೇಳುತ್ತೇನೆ, ಒಂದು ಅಕ್ಷರ ಬದಲಿಸುವುದಿಲ್ಲ. ತೀರ್ಪು ಒಪ್ಪಿಗೆ ಇಲ್ಲದಿದ್ದರೆ ಓಟ ನಡೆಸುವವರಿಗೆ ಮೇಲ್ಮನವಿ ಹಾಕಬಹುದಿತ್ತು. ಹಾಕಲಿ, ಬೇರೆ ಯಾರಾದರೂ ನೋಡಲಿ ಎಂದು ನಾನು ಕುರ್ಚಿ ಬಿಟ್ಟೇಳದೆ ಕಾದೆ. ಅವನು, "ಸರಿ ಸಾ" ಎಂದು ಹೆಲ್ಮೆಟ್ ಎತ್ತಿಕೊಂಡು ಹೋದ.

ಸಿಟ್ಟು ವಾರ ಇರುತ್ತದೆ, ಆಮೇಲೆ ಇಳಿಯುತ್ತದೆ ಎಂದುಕೊಂಡಿದ್ದೆ. ಸುತ್ತೂರಿನ ಹತ್ತಿರ ಬೇಕೆಂದೇ ಸ್ಕೂಟರ್ ನಿಧಾನ ಮಾಡುತ್ತಿದ್ದೆ. ಹಿಂದಿನಿಂದ ಬಂದದ್ದು ಬಸ್ಸು, ಶಾಲೆಯ ವ್ಯಾನು, ಯಾರ್‍ಯಾರದೋ ಬೈಕು. ಅವನು ಹೊತ್ತಿಗೆ ಮುಂಚೆ ಹೊರಡಲು ಶುರುಮಾಡಿದ್ದಾನೆಂದು ನರಸೀಪುರದಲ್ಲಿ ಟೀ ಅಂಗಡಿಯವರಿಂದ ಗೊತ್ತಾಯಿತು. ಭಾನುವಾರ ಬಂದರೆ ಕಪಿಲಾ ನದಿಯ ಸೋಪಾನಕಟ್ಟೆಗೆ ಹೋಗಿ ಕೂರುತ್ತಿದ್ದೆ. ಮೊದಲು ಅಲ್ಲಿ ನಾವಿಬ್ಬರೂ ಕಡಲೆಕಾಯಿ ತಿನ್ನುತ್ತ ಜಗತ್ತಿನ ಮೋಟಾರು ಸೈಕಲ್ಲುಗಳನ್ನೆಲ್ಲ ಬೈಯುತ್ತಿದ್ದೆವು. ಈಗ ಪೊಟ್ಟಣ ಮುಗಿಯುತ್ತಲೇ ಇರಲಿಲ್ಲ. ನನ್ನ ಮೇಲೆ ನನಗೇ ಸಿಟ್ಟು ಬರುತ್ತಿತ್ತು. ಇಷ್ಟು ವಯಸ್ಸಾದ ಮೇಲೆ ಒಬ್ಬ ಮಾತಾಡಲಿಲ್ಲವೆಂದು ಇಷ್ಟು ಕೊರಗುತ್ತಾರೆಯೇ? ಕೊರಗುತ್ತಿದ್ದೆ. ಮನೆಯಲ್ಲಿ ರೇಡಿಯೋ ಹಾಕಿ ಇಡುತ್ತಿದ್ದೆ, ಯಾರೋ ಮಾತಾಡುತ್ತಿರಲಿ ಎಂದು.

ಮಳೆಗಾಲ ಕಳೆದ ಮೇಲೆ ಒಂದು ಮಧ್ಯಾಹ್ನ ನರಸೀಪುರದಲ್ಲಿ ನನ್ನ ಸ್ಕೂಟರ್ ಕೆಟ್ಟು ನಿಂತಿತು. ಬೇರೆ ಅಂಗಡಿಗಳಿದ್ದವು. ನಾನು ತಳ್ಳಿಕೊಂಡು ಅವನಲ್ಲಿಗೇ ಹೋದೆ. ಅವನು ಕೈ ಒರೆಸಿಕೊಂಡು ಎದ್ದು ಬಂದ, ನನಗೆ ಸ್ಟೂಲ್ ಹಾಕಿದ, ಟೀ ತರಿಸಿದ. ಎಲ್ಲ ಮರ್ಯಾದೆಯೂ ನಡೆಯಿತು. ಸ್ಕೂಟರ್ ಬಿಚ್ಚಿ ನೋಡಿ, "ಕ್ಲಚ್ ಪ್ಲೇಟ್ ಓಗ್ಬುಟ್ಟದೆ. ನಾಳೀಕ್ ಬನ್ನಿ ಸಾ, ರೆಡಿ ಇರ್ತದೆ" ಎಂದ.

"ಸಾ ಅನ್ನೋದು ಬಿಡೋ ಮಾರಾಯ" ಎಂದೆ. ಅವನು ಸ್ಪ್ಯಾನರ್ ಒರೆಸುತ್ತಲೇ ಇದ್ದ. ನನಗೆ ತಡೆಯಲಾಗಲಿಲ್ಲ. "ಆ ತೀರ್ಪು ತಪ್ಪು ಅನ್ಸಿದ್ರೆ ಮೇಲ್ಮನವಿ ಹಾಕ್ಬೇಕಿತ್ತು. ಹಿಂಗ್ ಮುಖ ತಿರುಗಿಸ್ಕೊಂಡ್ ಹೋಗೋದಾ?"

"ತೀರ್ಪೇನು ತಪ್ಪಿಲ್ಲ. ನನ್ ಚಕ್ರ ಸಮುಕ್ಕೆ ಬಂದಿರ್ಲಿಲ್ಲ, ನಂಗೇ ಗೊತ್ತು. ನೀವು ಗೆಲ್ಸಿದ್ರೆ ನಾನೇ ನಿಮ್ಮನ್ನ ಆಡ್ಕೊತಿದ್ದೆ."

"ಮತ್ತಿನ್ನೇನು?"

ಅವನು ಸ್ಪ್ಯಾನರ್ ಪೆಟ್ಟಿಗೆಗೆ ಹಾಕಿದ. ಆಮೇಲೆ ನನ್ನ ಮುಖ ನೋಡದೆ ಹೇಳಿದ. "ಇವ್ನು ನಿಮ್ಗೆ ಏನಾಗ್ಬೇಕು ಅಂತ ಮೇಷ್ಟ್ರು ಕೇಳುದ್ರಲ್ಲ. ಏನೂ ಆಗ್ಬೇಕಿಲ್ಲ ಅನ್ನೋದು ಕಾಯ್ದೆ, ಅನ್ನಿ, ಬ್ಯಾಡ ಅನ್ನಲ್ಲ. ವಸಿ ಯೋಚ್ನೆ ಮಾಡಿ ಅನ್ಬೋದಿತ್ತು. ಪಟ್ ಅಂತ ಅಂದ್ಬುಟ್ರಿ."

ತೀರ್ಪುಗಾರ ತಡವರಿಸಬಾರದು, ತಡವರಿಸಿದರೆ ಜನ ಅನುಮಾನಪಡುತ್ತಾರೆ, ಅದಕ್ಕೇ ಪಟ್ಟನೆ ಹೇಳಿದೆ ಎನ್ನಬಹುದಿತ್ತು. ನಿಜವೂ ಅದೇ. ಹಾಗೆನ್ನದೆ ಟೀ ಲೋಟ ಕೆಳಗಿಟ್ಟು, ಬಸ್ಸಿಗೆ ಹೋಗುತ್ತೇನೆ ಎಂದು ಎದ್ದೆ.

"ಬಿಸ್ಲದೆ, ಬಸ್ ಸ್ಟ್ಯಾಂಡ್‌ಗಂಟ ಬುಡ್ತೀನಿ ಬನ್ನಿ" ಎಂದು ಅವನು ತನ್ನ ಬೈಕ್ ಹೊರಗೆ ತಂದ. ಅಂಗಡಿಗೆ ಬಂದ ಯಾರಿಗಾದರೂ ಅವನು ಅಷ್ಟು ಮಾಡುತ್ತಿದ್ದ. ಹಿಂದೆ ಹತ್ತಿ ಕೂತೆ. ಅವನ ಹೆಗಲು ಎದುರಿಗೇ ಇತ್ತು. ನಾನು ಸೀಟಿನ ಹಿಂದಿನ ಕಂಬಿ ಹಿಡಿದುಕೊಂಡೆ.

"ಸರ್‍ಯಾಗ್ ಕುಂತ್ಕಂಡ್ರಾ ಸಾ?"

"ಹ್ಞೂ" ಎಂದೆ, "ಹೊರಡಿ."