ಹಾಸು ಮುಗಿದ ಮೇಲೆ ಕೀಲಿ

ಹಳೇ ಮನೆ ಕೊಳ್ಳಬೇಕೋ ಹೊಸ ಮನೆ ಕೊಳ್ಳಬೇಕೋ ಎಂದು ನಾನೂ ನನ್ನ ಗಂಡನೂ ಜಗಳಾಡಿದಷ್ಟು ನಮ್ಮ ಮದುವೆಯಲ್ಲಿ ಬೀಗರು ಕೂಡ ಜಗಳಾಡಿರಲಿಲ್ಲ. ಬಾದಾಮಿಯ ಹೈಸ್ಕೂಲಿನಿಂದ ನನಗೆ ಇಳಕಲ್ಲಿಗೆ ವರ್ಗವಾಗಿತ್ತು. ಇವರ ಕಚೇರಿ ಮೊದಲಿಂದಲೂ ಹುನಗುಂದದಲ್ಲಿ. ದಿನಾ ಬಾದಾಮಿಯಿಂದ ಬಸ್ಸಿನಲ್ಲಿ ಹೋಗಿ ಬಂದು ಇವರ ಸೊಂಟ ಸವೆದಿತ್ತು, ಈಗ ನನ್ನದೂ ಸವೆಯತೊಡಗಿತು. ಬಾಡಿಗೆ ಮನೆಯಲ್ಲಿ ಒಂದು ಮೊಳೆ ಹೊಡೆಯಲಿಕ್ಕೂ ಅಪ್ಪಣೆ ಕೇಳಿದ್ದು ಸಾಕು, ಇಳಕಲ್ಲಿನಲ್ಲೇ ಸ್ವಂತದ್ದೊಂದು ಮನೆ ಕೊಂಡುಬಿಡೋಣ ಎಂಬುದರಲ್ಲಿ ಇಬ್ಬರಿಗೂ ಒಮ್ಮತವಿತ್ತು. ಒಮ್ಮತ ಅಲ್ಲಿಗೇ ಮುಗಿಯಿತು.

ಇವರ ಮನೆತನ ಹಳೇ ಬಾಗಲಕೋಟೆಯದು. ಅಣೆಕಟ್ಟಿನ ಹಿನ್ನೀರು ಬಂದು ಓಣಿ ಮುಳುಗಿದಾಗ ನವನಗರದ ಸೆಕ್ಟರಿಗೆ ಹೋಗಿ ಕೂತವರು. ಹಳೇ ಮನೆ ಎಂದರೆ ಸಾಕು, ಮುಖ ಗಂಟು ಹಾಕಿಕೊಳ್ಳುತ್ತಾರೆ. ಒಂದು ಹಳೇ ಮನೆ ನೀರಿಗೆ ಹೋದದ್ದನ್ನು ನೋಡಿದ್ದೇನೆ, ಇನ್ನೊಂದು ಬೇಡ ಎನ್ನುವುದು ಇವರ ವಾದ. ಇಳಕಲ್ಲಿಗೆ ಹಿನ್ನೀರು ಎಲ್ಲಿಂದ ಬರಬೇಕು ಎಂದು ನಾನು ಕೇಳಿದರೆ, ನೀರಿಗೆ ಯಾರಾದರೂ ದಾರಿ ಹೇಳಿಕೊಡಬೇಕಾ ಎಂದು ನನ್ನನ್ನೇ ಕೇಳುತ್ತಿದ್ದರು. ನಾನೋ ಚೊಳಚಗುಡ್ಡದಲ್ಲಿ ಬೆಳೆದವಳು. ಮೊಳದಷ್ಟು ದಪ್ಪ ಕಲ್ಲಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ. ಕಡುಬೇಸಿಗೆಯ ಮಧ್ಯಾಹ್ನ ಆ ಗೋಡೆಗೆ ಬೆನ್ನು ಕೊಟ್ಟು ಕೂತರೆ ಫ್ಯಾನಿನ ನೆನಪೂ ಆಗುತ್ತಿರಲಿಲ್ಲ. ನನಗೆ ಮನೆ ಎಂದರೆ ಅದು. ಉಳಿದದ್ದೆಲ್ಲ ಡಬ್ಬಿ.

ಮೊದಲು ಇವರ ಮನಸ್ಸಿನ ಡಬ್ಬಿ ನೋಡಲು ಹೋದೆವು. ಹುನಗುಂದದ ರಸ್ತೆಯ ಕಡೆ ಹೊಸ ಪ್ಲಾಟಿನಲ್ಲಿ ಒಬ್ಬ ಗುತ್ತಿಗೆದಾರ ಕಟ್ಟಿಸಿದ ಮನೆ. ಕೆಂಪು ಕಲ್ಲಿಗೆ ಹೆಸರಾದ ಊರಿನಲ್ಲಿ ಆ ಪುಣ್ಯಾತ್ಮ ಮೆಟ್ಟಿಲಿಗೆ ಕಲ್ಲಿನ ಚಿತ್ರ ಇರುವ ಟೈಲ್ಸ್ ಹಾಕಿಸಿದ್ದ. ಇವರು ಒಂದೊಂದೇ ನಳ ತಿರುವಿ, ಒಂದೊಂದೇ ಸ್ವಿಚ್ಚು ಒತ್ತಿ, ಗೋಡೆಗೆಲ್ಲ ಬೆರಳಿನಿಂದ ತಟ್ಟಿ, ಮನೆ ಭಾಳ ಗಟ್ಟಿ ಇದೆ ಎಂದು ತೀರ್ಮಾನಿಸಿದರು. ನಾನು ತಾರಸಿಗೆ ಹೋಗಿ ಕೈ ಇಟ್ಟು ನೋಡಿ ಬಂದು, ಇಲ್ಲಿ ಬೆಂಕಿಯಿಲ್ಲದೆ ರೊಟ್ಟಿ ಬೇಯಿಸಬಹುದು ಎಂದೆ. ಹಾಗಾದರೆ ಗ್ಯಾಸ್ ಉಳಿಯಿತಲ್ಲ ಎಂದರು. ಇಂಥವರ ಜೊತೆ ಸಂಸಾರ ಮಾಡಿದ್ದೇನೆ.

ನನ್ನ ಮನೆ ಸಿಕ್ಕಿದ್ದು ಊರೊಳಗೆ, ನೇಕಾರರ ಓಣಿಯಲ್ಲಿ. ಬಾಗಿಲು ದಾಟಿದೊಡನೆ ಪಡಸಾಲೆ. ಅದರ ನಡುವೆ ನೆಲದಲ್ಲಿ ಒಂದು ಕುಣಿ, ಕುಣಿಯ ಮೇಲೆ ಮಗ್ಗ. ನನ್ನ ವಾರಿಗೆಯ ಒಬ್ಬ ಹೆಣ್ಣುಮಗಳು ಕುಣಿಯ ಅಂಚಿಗೆ ಕೂತು, ಎರಡೂ ಕಾಲು ಒಳಗೆ ಇಳಿಬಿಟ್ಟು ತುಳಿಯುತ್ತ ಸೀರೆ ನೇಯುತ್ತಿದ್ದಳು. ಮನೆ ತೋರಿಸಿದ್ದು ಆಕೆಯ ಗಂಡ. ಅವರೂ ಮೊದಲು ನೇಯುತ್ತಿದ್ದವರೇ, ಈಗ ಸೀರೆ ಅಂಗಡಿಯಲ್ಲಿ ಗಿರಾಕಿಗಳ ಮುಂದೆ ಸೀರೆ ಬಿಡಿಸಿ ತೋರಿಸುವ ಕೆಲಸ. ನಾನು ಅಡುಗೆ ಮನೆಯನ್ನೂ ನೋಡಲಿಲ್ಲ, ಬಚ್ಚಲನ್ನೂ ನೋಡಲಿಲ್ಲ. ಪಡಸಾಲೆಯ ಗೋಡೆಗೆ ಬೆನ್ನು ಕೊಟ್ಟು ಕೂತೆ. ತಂಪು ಬೆನ್ನೊಳಗೆ ಇಳಿಯಿತು. ಅಲ್ಲಿಗೆ ನನ್ನ ಮಟ್ಟಿಗೆ ವ್ಯವಹಾರ ಮುಗಿದಿತ್ತು.

ಆಕೆಯ ಗಂಡ ತಾವು ಬೇರೆ ಕಡೆ ಹೊಸ ಮನೆ ಗೊತ್ತು ಮಾಡಿರುವುದಾಗಿ ಹೇಳಿದರು. ಎರಡು ಅಂತಸ್ತಿನ ಮನೆಯಂತೆ, ಮೇಲಿನದು ಆ ಗಂಡ ಹೆಂಡತಿಗೆ, ಕೆಳಗೆ ಬೇರೆಯವರು. ಈ ಕುಣಿಯ ಚಿಂತೆ ಮಾಡಬೇಡಿ, ಮಣ್ಣು ತುಂಬಿ ಮೇಲೆ ಫರಸಿ ಹಾಕಿಸಿಯೇ ಕೊಡುತ್ತೇವೆ, ನೀವು ಸರಿಯಾಗಿ ಇದೇ ಜಾಗದಲ್ಲಿ ಸೋಫಾ ಇಡಬಹುದು ಎಂದರು. ಆ ಮಾತಿಗೆ ಮಗ್ಗದ ಸಪ್ಪಳ ನಿಂತಿತು. ಅಲ್ಲಿಯವರೆಗೆ ತಲೆ ಎತ್ತದಿದ್ದ ಆಕೆ ನನ್ನ ಕಡೆ ತಿರುಗಿದಳು.

"ಮಗ್ಗದ ಮ್ಯಾಲೆ ಹಾಸು ಐತ್ರಿ ಅಕ್ಕೋರ. ಅರ್ಧಕ್ಕ ಕೊಯ್ಯಾಕ ಬರಂಗಿಲ್ಲ. ಹಾಸು ಮುಗಿದ ದಿನ ಕೀಲಿ ನಿಮ್ಮ ಕೈಯಾಗ ಇಡ್ತೇನಿ."

ಹಾಸು ಅಂದರೆ ಮಗ್ಗದ ಮೇಲೆ ಉದ್ದಕ್ಕೆ ಹಾಸಿದ ನೂಲು ಎಂಬಷ್ಟು ನನಗೆ ಗೊತ್ತಿತ್ತು. ಅರ್ಧ ನೇಯ್ದ ಸೀರೆ ಕತ್ತರಿಸಿ ಎಂದು ಹೇಳುವಷ್ಟು ಪಾಪಿ ನಾನಲ್ಲ. ಧಾರಾಳವಾಗಿ ಒಪ್ಪಿದೆ. ಆಕೆಯ ಗಂಡ ಏನೋ ಹೇಳಲು ಬಾಯಿ ತೆರೆದವರು, ಹೆಂಡತಿಯ ಮುಖ ನೋಡಿ ಮುಚ್ಚಿಕೊಂಡರು. ಮದುವೆಯಾಗಿ ಬಹಳ ವರ್ಷವಾದ ಗಂಡಸರು ಹಾಗೆ ಮಾಡುವುದುಂಟು ಎಂದು ನಾನು ಅದನ್ನು ಲಕ್ಷ್ಯಕ್ಕೆ ತೆಗೆದುಕೊಳ್ಳಲಿಲ್ಲ.

ಅಂದಿನಿಂದ ಶಾಲೆ ಬಿಟ್ಟ ಮೇಲೆ, ಬಸ್ಸಿಗೆ ಮೊದಲು, ಆ ಮನೆಗೆ ಹೋಗಿ ಹಾಸು ಎಲ್ಲಿಗೆ ಬಂತು ಎಂದು ನೋಡುವುದು ನನ್ನ ದಿನಚರಿಯಾಯಿತು. ಆಕೆ ಒಗ್ಗರಣೆ ಹಾಕಿದ ಚುರಮರಿ ಕೊಡುತ್ತಿದ್ದಳು, ಚಹಾ ಕೊಡುತ್ತಿದ್ದಳು. ನಾನು ಆಕೆಯನ್ನು ವೈನಿ ಎಂದು ಕರೆಯತೊಡಗಿದೆ. ನೇಯ್ದದ್ದನ್ನು ಗೇಣು ಹಾಕಿ ಅಳೆಯುತ್ತಿದ್ದೆ. ಇನ್ನೇನು ಬಂತ್ರಿ ಎಂದು ಆಕೆ, ಇನ್ನೇನು ಬಂತು ಎಂದು ಮನೆಗೆ ಹೋಗಿ ನಾನು. ಇತ್ತ ಬಾದಾಮಿಯ ಮನೆಯ ಮಾಲಕರು ಮಗಳ ಮದುವೆ ಇದೆ, ಜಾಗ ಖಾಲಿ ಮಾಡಿ ಎಂದು ಎರಡು ಸಲ ಹೇಳಿ ಕಳಿಸಿದ್ದರು. ಅತ್ತ ಗುತ್ತಿಗೆದಾರ ದಿನಾ ಇವರಿಗೆ ಫೋನು ಮಾಡುತ್ತಿದ್ದ. ಇವರು ಮೀಸೆಯಲ್ಲೇ ನಗುತ್ತ, ನಿನ್ನ ಸೀರೆ ಎಲ್ಲಿಗೆ ಬಂತು ಎಂದು ಕೇಳಿದಾಗಲೆಲ್ಲ ನನ್ನ ಮೈ ಉರಿಯುತ್ತಿತ್ತು.

ಒಂದು ರವಿವಾರ ಬೆಳಿಗ್ಗೆ ಹೋದಾಗ ಆಕೆ ನೇಯುತ್ತಿರಲಿಲ್ಲ. ಮಗ್ಗದ ಹಿಂದೆ ಕೂತು ಒಂದೊಂದೇ ಎಳೆ ಹಿಡಿದು ಏನೋ ಹೊಸೆಯುತ್ತಿದ್ದಳು. ಎಳೆ ಜಾರದಿರಲೆಂದು ಬೂದಿ ಮುಟ್ಟಿದ ಬೆರಳು ಕಣ್ಣಿಗೆ ಕಾಣದಷ್ಟು ಬೇಗ ಆಡುತ್ತಿತ್ತು. ಒಬ್ಬಳಿಗೇ ತಡ ಆಗುತ್ತದೆ, ನೀವು ಎಳೆ ಬಿಡಿಸಿ ಕೊಡುತ್ತೀರಾ ಎಂದು ಕೇಳಿದಳು. ಕೆಲಸ ಬೇಗ ಮುಗಿದರೆ ಕೀಲಿ ಬೇಗ ಬರುತ್ತದಲ್ಲ! ಸೆರಗು ಸಿಕ್ಕಿಸಿ ಕೂತೆ. ಊಟದ ಹೊತ್ತಿನವರೆಗೆ ಎಳೆ ಬಿಡಿಸಿ ಕೊಟ್ಟೆ. ಕತ್ತು ಹಿಡಿದುಕೊಂಡಿತು, ಕಣ್ಣು ಮಂಜಾಯಿತು. ನಿಮ್ಮ ಕೈ ಭಾಳ ಚಲೋ ಐತಿ ಎಂದು ಆಕೆ ಹೊಗಳಿದಳು. ನಾನು ಆ ಹೊಗಳಿಕೆಯನ್ನು ಬಾದಾಮಿಯವರೆಗೆ ಹೊತ್ತುಕೊಂಡು ಹೋಗಿ ಇವರ ಮುಂದೆ ಇಳಿಸಿದೆ.

ಮರುದಿನ ಎಂಟನೇ ವರ್ಗಕ್ಕೆ ಗಣಿತ. ನನ್ನ ತಲೆಯಲ್ಲಿ ಇದೇ ಓಡುತ್ತಿತ್ತೇನೋ, ಹಲಗೆಯ ಮೇಲೆ ಒಂದು ಲೆಕ್ಕ ಬರೆದೆ. ಮಗ್ಗದ ಮೇಲೆ ಇಷ್ಟು ಗಜ ಹಾಸು ಇದೆ, ದಿನಕ್ಕೆ ಇಷ್ಟು ನೇಯ್ದರೆ ಹಾಸು ಮುಗಿದು ಮಗ್ಗ ಖಾಲಿಯಾಗಲು ಎಷ್ಟು ದಿನ ಬೇಕು? ಯಾರೂ ಪೆನ್ನು ಎತ್ತಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಂಡು ಕಿಸಕ್ಕೆಂದರು. ಯಾಕೆ ಎಂದು ಗದರಿಸಿದೆ.

"ಖಾಲಿ ಆಗಂಗಿಲ್ರೀ ಅಕ್ಕೋರ" ಎಂದಿತು ಇಡೀ ವರ್ಗ.

ಅರ್ಧ ವರ್ಗ ನೇಕಾರರ ಮಕ್ಕಳೇ. ನನಗೆ ಪಾಠ ಹೇಳಿಕೊಟ್ಟರು. ಹಳೇ ಹಾಸು ಪೂರ್ತಿ ಮುಗಿಯಲು ಯಾರೂ ಬಿಡುವುದಿಲ್ಲವಂತೆ. ಇನ್ನು ಸ್ವಲ್ಪ ಉಳಿದಾಗಲೇ ಅದರ ಒಂದೊಂದು ಎಳೆಯ ತುದಿಗೆ ಹೊಸ ಹಾಸಿನ ಒಂದೊಂದು ಎಳೆ ಹೊಸೆದು ಕೂಡಿಸುತ್ತಾರೆ. ಅದಕ್ಕೆ ಕೆಚ್ಚುವುದು ಎನ್ನುತ್ತಾರೆ. ಒಂದು ಸೀರೆ ಮುಗಿಯುತ್ತದೆ, ಇನ್ನೊಂದು ಶುರುವಾಗುತ್ತದೆ, ಹಾಸು ಮಾತ್ರ ಅಜ್ಜಿ ಕಾಲದಿಂದ ನಡೆದೇ ಇರುತ್ತದೆ. ಅಂದರೆ ರವಿವಾರ ನಾನು ಕತ್ತು ನೋಯಿಸಿಕೊಂಡು ಮಾಡಿದ್ದು ಏನು? ನನ್ನ ಕೀಲಿಯನ್ನು ನಾನೇ ಇನ್ನಷ್ಟು ದೂರ ತಳ್ಳಿದ್ದೆ. ಭಾಳ ಬೆರಕಿ ಹೆಂಗಸು! ಗಣಿತದ ಅಕ್ಕೋರ ಕಿವಿಯ ಮೇಲೆ ಹೂವಿಟ್ಟು, ಅದನ್ನು ಕಟ್ಟಲು ದಾರವನ್ನೂ ಅಕ್ಕೋರ ಕೈಯಿಂದಲೇ ಬಿಡಿಸಿಕೊಂಡಿದ್ದಳು.

ಸಂಜೆ ನೇರವಾಗಿ ಹೋದೆ. ಹುನಗುಂದದಿಂದ ಇವರನ್ನೂ ಕರೆಸಿಕೊಂಡಿದ್ದೆ. ಜಗಳಕ್ಕೆ ಸಾಕ್ಷಿ ಇರಲಿ, ಆಮೇಲೆ ಗುತ್ತಿಗೆದಾರನಿಗೆ ಸಂಚಕಾರದ ಹಣ ಕೊಟ್ಟೇಬಿಡೋಣ ಎಂಬಷ್ಟು ಸಿಟ್ಟು. ಇವರು ನನ್ನ ಸೋಲು ನೋಡುವ ಹುರುಪಿನಲ್ಲಿ ಒಂದು ಬಸ್ಸು ಮೊದಲೇ ಬಂದಿದ್ದರು. ಆಕೆಯ ಗಂಡನೂ ಮನೆಯಲ್ಲಿದ್ದರು. ನಿಮ್ಮ ಹಾಸು ಯಾವತ್ತೂ ಮುಗಿಯುವುದಿಲ್ಲವಂತೆ, ಖರೆಯೇನು ಎಂದು ನಿಂತಲ್ಲೇ ಕೇಳಿದೆ. ಆಕೆ ಮೊದಲು ನಕ್ಕಳು. ನಗು ಅರ್ಧಕ್ಕೆ ನಿಂತಿತು.

"ಖರೇರಿ. ಮನಿ ತಗೋರಿ, ನಾ ಬ್ಯಾಡ ಅನ್ನಂಗಿಲ್ಲ. ಆದ್ರ ಆ ಮ್ಯಾಲಿನ ಮನಿಯಾಗ ನಾ ಎಲ್ಲಿ ಕುಣಿ ತೋಡ್ಲಿ? ತೋಡಿದ್ರ ಕೆಳಗಿನವ್ರ ಅಡಗಿ ಮನಿಯಾಗ ನನ್ನ ಕಾಲು ಇಳೀತಾವು."

ಆಕೆಯ ಗಂಡ ಕೆಟ್ಟವರಲ್ಲ. ಇಷ್ಟು ವರ್ಷ ಕುಣಿಯಲ್ಲಿ ಕಾಲು ಇಟ್ಟು ಆಕೆಯ ಮೊಣಕಾಲು ಹೋಗಿವೆ, ಇನ್ನಾದರೂ ಆರಾಮ ಕೂತಿರಲಿ ಎಂದೇ ಮೇಲಿನ ಮನೆ ನೋಡಿದೆ ಎಂದು ಹೇಳಿಕೊಂಡರು. ಆರಾಮ ಅಂದರೆ ಕೂತು ಏನು ಮಾಡುವುದು ಎಂದು ಯಾರಾದರೂ ನನಗೆ ಹೇಳಿಕೊಡಿ ಎಂದಳು ಆಕೆ. ನನ್ನ ಸಿಟ್ಟು ಮಾತ್ರ ಇಳಿಯಲಿಲ್ಲ. ಮಾರುವ ಮನಸ್ಸಿಲ್ಲದಿದ್ದರೆ ಮೊದಲೇ ಹೇಳಬೇಕಿತ್ತು, ನನಗೇನು ಬೇರೆ ಉದ್ಯೋಗ ಇಲ್ಲವೇ, ದಿನಾ ಬಂದು ಗೇಣು ಹಾಕಲು ನಾನೇನು ಹುಚ್ಚಿಯೇ ಎಂದೆಲ್ಲ ಅಂದೆ. ಮೋಸ ಹೋದ ಸಿಟ್ಟು ಅರ್ಧ, ಆ ತಂಪು ಗೋಡೆ ಕೈತಪ್ಪಿತಲ್ಲ ಎಂಬ ಸಂಕಟ ಅರ್ಧ.

ಇಷ್ಟು ಹೊತ್ತು ನನ್ನ ಗಂಡ ಕುಣಿಯ ಹತ್ತಿರ ಕುಕ್ಕರುಗಾಲಲ್ಲಿ ಕೂತು ಒಳಗೆ ನೋಡುತ್ತಿದ್ದರು. ತುಳಿದು ತುಳಿದು ಅಲ್ಲಿನ ನೆಲ ಎರಡು ಪಾದದ ಅಗಲಕ್ಕೆ ನುಣ್ಣಗಾಗಿತ್ತು. ತಲೆ ಎತ್ತದೆಯೇ ಹೇಳಿದರು.

"ನವನಗರಕ್ಕ ಬಂದಾಗ ನಮ್ಮವ್ವಗ ಎಲ್ಲಾ ಹೊಸಾದು ಮಾಡಿಕೊಟ್ವಿ. ನಿನಗೇನು ಬೇಕಬೇ ಅಂತ ಮಾತ್ರ ಯಾರೂ ಕೇಳಲಿಲ್ಲ."

ಇಷ್ಟು ವರ್ಷದ ಸಂಸಾರದಲ್ಲಿ ಈ ಮಾತು ನಾನು ಕೇಳಿರಲಿಲ್ಲ. ನಮ್ಮತ್ತೆ ಆ ಹೊಸ ಮನೆಯಲ್ಲಿ ಅಕ್ಕಿ ಹಸನು ಮಾಡಲು ಮೊರ ಹಿಡಿದುಕೊಂಡು ಕೋಣೆಯಿಂದ ಕೋಣೆಗೆ ತಿರುಗುತ್ತಿದ್ದರು. ಎಲ್ಲಿಯೂ ಕೂಡುವುದು ಹೊಂದುತ್ತಿರಲಿಲ್ಲ. ಹೊಸದಾಗಿ ಬಂದ ಸೊಸೆ ನಾನು, ಮುದುಕಿಗೆ ತಿಕ್ಕಲು ಎಂದು ಒಳಗೊಳಗೇ ನಗುತ್ತಿದ್ದೆ. ಆ ಸಂಜೆ ನನಗೆ ನಾಚಿಕೆಯಾಯಿತು. ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ.

ಆಮೇಲೆ ಇವರು ಹೇಳಿದ ಯೋಜನೆ ಕೇಳಿ ನಾನು ನಿಂತಲ್ಲೇ ಕಲ್ಲಾದೆ. ಮನೆ ನಾವು ಕೊಳ್ಳೋಣ, ಕುಣಿ ಮುಚ್ಚುವುದು ಬೇಡ. ಹಗಲೆಲ್ಲ ನಾವು ಶಾಲೆ, ಕಚೇರಿ ಎಂದು ಹೊರಗೇ ಇರುತ್ತೇವೆ, ಪಡಸಾಲೆ ಖಾಲಿ. ಅವರು ಬಂದು ನೇಯಲಿ, ಸಂಜೆ ತಮ್ಮ ಮನೆಗೆ ಹೋಗಲಿ. ಹಳೇ ಮನೆಯ ಹೆಸರೆತ್ತಿದರೆ ಉರಿದು ಬೀಳುತ್ತಿದ್ದ ಮನುಷ್ಯ ಹಳೇ ಮನೆಯನ್ನೇ, ಅದೂ ನಡುವೆ ಕುಣಿ ಇರುವುದನ್ನು, ಅದೂ ಕುಣಿಯೊಳಗಿನ ಮನುಷ್ಯರ ಸಮೇತ ಕೊಳ್ಳಲು ಹೊರಟಿದ್ದರು. ನಾನು ಗೆದ್ದಿದ್ದೆ, ಆದರೆ ಗೆದ್ದದ್ದರಲ್ಲಿ ನನ್ನ ಪಾಲು ಎಷ್ಟು ಎಂದು ಗೊತ್ತಾಗಲಿಲ್ಲ. ಸೋಫಾ ಎಲ್ಲಿ ಇಡುವುದು ಎಂದೆ. ನಿನ್ನ ತಲೆಯ ಮೇಲೆ ಎಂದರು.

ಆಕೆಯೇನು ಕಡಿಮೆಯೇ? ಕಣ್ಣೊರೆಸಿಕೊಂಡ ಮರುಗಳಿಗೆಗೆ ಚೌಕಾಶಿ ಶುರು ಮಾಡಿದಳು. ರವಿವಾರವೂ ಬರುವೆ ಎಂದಳು. ಮಗ್ಗದ ಮೇಲಿನ ಬೆಳಕಿಂಡಿ ಮುಚ್ಚಬಾರದು ಎಂದಳು. ಮಗ್ಗದ ಮೇಲೆ ಅರಿವೆ ಒಣಹಾಕಬಾರದು ಎಂದು ನನ್ನ ಮುಖ ನೋಡಿ ಹೇಳಿದಳು. ಮನೆ ಮಾರುವವರು ಕೊಳ್ಳುವವರಿಗೆ ಕರಾರು ಹಾಕುವುದನ್ನು ನಾನು ಅಲ್ಲೇ ಮೊದಲು ಕಂಡದ್ದು. ಎಲ್ಲದಕ್ಕೂ ಹೂಂ ಎಂದೆ.

ಖರೀದಿ ಪತ್ರ ಆಯಿತು, ಹಾಲು ಉಕ್ಕಿಸಿದ್ದೂ ಆಯಿತು. ಅವತ್ತು ಬಂದ ನೆಂಟರೆಲ್ಲ ಕುಣಿಯ ಸುತ್ತ ನಿಂತು ತಲೆಗೊಂದು ಮಾತಾಡಿದರು. ಒಬ್ಬರಂತೂ ಮುಚ್ಚಳ ಮಾಡಿಸಿ ಎಂದು ಬಡಿಗನ ಫೋನ್ ನಂಬರನ್ನೂ ಕೊಟ್ಟು ಹೋದರು. ಆಕೆ ಮತ್ತು ಆಕೆಯ ಗಂಡ ಉಂಡು, ಅರಿಷಿಣ ಕುಂಕುಮ ತೆಗೆದುಕೊಂಡು, ತಮ್ಮ ಮೇಲಿನ ಮನೆಗೆ ಹೋದರು.

ಮರುದಿನ ಬೆಳಿಗ್ಗೆ ನಾನು ಶಾಲೆಗೆ ಹೊರಡಲು ಇನ್ನೂ ಹೊತ್ತಿತ್ತು. ಕಸ ಹೊಡೆಯುತ್ತ ಬಾಗಿಲ ಕಡೆ ಬಂದರೆ, ಆಕೆ ಹೊಸ್ತಿಲ ಹೊರಗೆ ನಿಂತಿದ್ದಳು. ಚಪ್ಪಲಿ ಬಿಟ್ಟು, ಸೆರಗು ಹೊದ್ದು, ಗೋಡೆಗೆ ಸರಿದು ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ! ಬಾಗಿಲು ಪೂರ್ತಿ ತೆರೆದೇ ಇತ್ತು.

"ಒಳಗ ಬರ್ಲೇನ್ರಿ?" ಎಂದಳು.

ಮದುವೆಯಾಗಿ ಅಕ್ಕಿಯ ಸೇರು ಒದ್ದು ಆಕೆ ಒಳಗೆ ಬಂದ ಮನೆ ಅದು. ಅಲ್ಲೇ ಹಡೆದಿದ್ದಳು, ಅತ್ತೆ ಮಾವನ ಚಾಕರಿ ಮಾಡಿದ್ದಳು, ಮಕ್ಕಳ ಮದುವೆ ಮಾಡಿದ್ದಳು. ನನಗೆ ಅಳು ಬಂದರೆ ಬೈಗಳು ಮೊದಲು ಹೊರಗೆ ಬರುತ್ತವೆ. ಅಲ್ಲಿಯವರೆಗಿನ ರಿ ಎಲ್ಲ ಹಾರಿಹೋಯಿತು.

"ಬುದ್ಧಿ ಐತೇನ್ ನಿನಗ? ನಿನ್ನ ಮನಿಯೊಳಗ ಬರಾಕ ನನ್ನನ್ನ ಏನ್ ಕೇಳ್ತಿ?"

ಪತ್ರದ ಮೇಲೆ ನನ್ನ ಸಹಿ ಬಿದ್ದು ವಾರವೂ ಆಗಿರಲಿಲ್ಲ. ಆಕೆ ನನ್ನ ಮುಖ ನೋಡದೆ ಒಳಗೆ ಬಂದಳು. ಮಗ್ಗ ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು, ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತಳು. ಲಾಳಿ ಹಿಡಿಯದೆ ಸೆರಗಿನಿಂದ ಮುಖ ಮುಚ್ಚಿಕೊಂಡಳು. ನಾನು ಅಡುಗೆ ಮನೆಗೆ ಹೋಗಿ, ಬೇಕಂತಲೇ ಪಾತ್ರೆಗಳ ಸಪ್ಪಳ ಜೋರಾಗಿ ಮಾಡುತ್ತ, ಚಹಾಕ್ಕೆ ನೀರಿಟ್ಟೆ.