ಇಂಜಿನ್ನಿಗೆ ಬಳಿದ ಚಾಕ್ ಪುಡಿ

ನನ್ನ ಬಸುರಿ ತಂಗಿಗೆ ಹಸಿರು ಸೀರೆ ಉಡಿಸಿ ಬಳೆ ತೊಡಿಸುವ ಕುಬಸ ಇನ್ನೇನು ಬಂತು ಅನ್ನುವಾಗ ನನ್ನ ಮೋಟಾರ್ ಸೈಕಲ್ ಸೋರತೊಡಗಿತು. ಇಂಜಿನ್ ತಂಪಾಗಿಡುವ ನೀರಿನ, ಅಂದರೆ ಕೂಲಂಟಿನ, ಡಬ್ಬಿಯನ್ನು ಮೇಲಿನ ಗೆರೆಯ ತನಕ ತುಂಬಿಸಿಟ್ಟರೂ ಶಾಲೆಗೆ ಹೋಗಿ ಬರುವಷ್ಟರಲ್ಲಿ ಅದು ಕೆಳಗಿನ ಗೆರೆ ಮುಟ್ಟುತ್ತಿತ್ತು. ನಿಲ್ಲಿಸಿದ ಕಡೆ ಹಸಿರು ಹನಿ ಬೀಳುತ್ತಿತ್ತು. ಬಿಸಿ ಇಂಜಿನ್ನಿನಿಂದ ಬೆಲ್ಲದ ಪಾಕದಂಥ ವಾಸನೆ ಬರುತ್ತಿತ್ತು. ಬಗ್ಗಿ ನೋಡಿದರೆ ಸಿಲಿಂಡರಿನ ಮೇಲೆ ಅದರ ಮುಚ್ಚಳದಂಥ ಹೆಡ್ ಕೂಡುವ ಸಂದಿಯೆಲ್ಲ ತೇವ.

ನಮ್ಮ ಮನೆ ನವಲಗುಂದದಲ್ಲಿ, ಅದರಾಚೆಯ ಒಂದು ಹಳ್ಳಿಯಲ್ಲಿ ನಾನು ವಿಜ್ಞಾನದ ಶಿಕ್ಷಕಿ. ಬಸ್ಸು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಹಾಗಾಗಿ ಬೇರೆ ಊರಿಗೆ ವರ್ಗವಾಗಿ ಹೋಗುತ್ತಿದ್ದ ಸಹೋದ್ಯೋಗಿಯೊಬ್ಬರ ಗಾಡಿಯನ್ನು ಕೊಂಡುಕೊಂಡಿದ್ದೆ. ಪೇಟೆಯಲ್ಲಿ ದರ್ಜಿ ಅಂಗಡಿ ಇಟ್ಟಿರುವ ನನ್ನ ಗಂಡನಿಗೆ ಗಾಡಿ ಹೊಡೆಯಲು ಬರುವುದಿಲ್ಲ. ಅವರು ಸಂತೋಷದಿಂದ ಹಿಂದೆ ಕೂಡುತ್ತಾರೆ.

ಬಸ್ ನಿಲ್ದಾಣದ ಬಳಿಯ ಮೆಕ್ಯಾನಿಕ್ ಸಂದಿಯ ಮೇಲೆ ಬೆರಳಾಡಿಸಿ ನೋಡಿದ.

"ಅಕ್ಕೋರ, ಈ ಸಂದ್ಯಾಗಿನ ಹೆಡ್ ಗ್ಯಾಸ್ಕೆಟ್ ಹೋದಂಗ ಕಾಣ್ತೈತ್ರಿ. ಹೆಡ್ ಬಿಚ್ಚಿ ಹುಬ್ಬಳ್ಳಿಗೆ ಕಳಸಬೇಕು, ಅಲ್ಲಿ ಸಮ ಮಾಡಿಸಿ ತರಬೇಕು. ಒಂದ್ ವಾರರೆ ಬಿಡ್ರಿ."

"ಐತಾರ ಅಳ್ನಾವರಕ್ಕ ಹೋಗಬೇಕ್ರಿ, ತಂಗಿ ಕುಬಸ ಐತಿ."

"ಬಸ್ಸಿಗೆ ಹೋಗಿ ಬರ್ರಿ ಮತ್ತ."

ಬಸ್ಸಿಗೆ ಹೋಗಬಹುದಿತ್ತು. ಆದರೆ ತಂಗಿ ಫೋನ್ ಮಾಡಿದಾಗಲೆಲ್ಲ ಒಂದೇ ಮಾತು: "ಅಕ್ಕಾ, ನೀ ಗಾಡಿ ಹೊಡ್ಕೊಂಡು ಬರ್ತಿ ಅಂತ ನಮ್ಮತ್ತಿ ಮುಂದ ಹೇಳೇನಿ. ಅವರು ನಂಬವಲ್ರು."

ಮನೆಗೆ ಬಂದು ಇಂಜಿನ್ ಆಯಿಲಿನ ಮುಚ್ಚಳ ತೆಗೆದು ನೋಡಿದೆ. ಒಳಗೆ ನೀರು ಸೇರಿದ್ದರೆ ಎಣ್ಣೆ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗುತ್ತದೆ. ಇಲ್ಲಿ ಹಾಗೇನೂ ಆಗಿರಲಿಲ್ಲ. ಸೈಲೆನ್ಸರಿನಿಂದ ಬಿಳಿ ಹೊಗೆಯೂ ಬರುತ್ತಿರಲಿಲ್ಲ. ನೀರು ಮೇಲೆಲ್ಲೋ ಹೊರಟು, ಇಳಿದು ಬಂದು ಸಂದಿಯ ಗುಂಟ ಹರಡುತ್ತಿರಬಹುದೇ ಎಂಬ ಅನುಮಾನ ನನ್ನನ್ನು ಬಿಡಲಿಲ್ಲ.

ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟು ಬಂದವಳೇ ಇಂಜಿನ್ ತೊಳೆದು, ಒರೆಸಿ, ಬಿಸಿಲಿಗೆ ನಿಲ್ಲಿಸಿದೆ. ಊಟಕ್ಕೆ ಬಂದ ಗಂಡನಿಗೆ ಹೇಳಿದೆ, "ರೀ, ಬಟ್ಟಿ ಮ್ಯಾಲೆ ಗುರುತು ಹಾಕೂ ಚಾಕ್ ಇದ್ರ ಕೊಡ್ರಿ. ಪುಡಿ ಮಾಡಬೇಕು."

"ನಿಮ್ಮ ಸಾಲ್ಯಾಗ ಚಾಕ್‌ಪೀಸ್ ಇಲ್ಲೇನು?"

"ಅವು ಸರಕಾರದ್ದು."

ಅವರು ನಕ್ಕು, ಸವೆದ ತುಂಡುಗಳನ್ನು ಕಿಸೆಯಿಂದ ತೆಗೆದು ಖಲಬತ್ತಿನಲ್ಲಿ ಕುಟ್ಟಿದರು. ನಾನು ಅರಳೆಯಿಂದ ಆ ಪುಡಿಯನ್ನು ಹೆಡ್ಡಿಗೆ, ಪೈಪಿಗೆ, ಸಂದಿಗೆ ಎಲ್ಲ ಕಡೆ ಬಡಿದೆ. ಹಣೆತುಂಬ ವಿಭೂತಿ ಹಚ್ಚಿಕೊಂಡ ಮಾವನವರು ಹೊರಗೆ ಬಂದು, ಬೆಳ್ಳಗಾಗಿದ್ದ ಇಂಜಿನ್ ನೋಡಿ ನಿಂತರು.

"ಏನವಾ, ಗಾಡಿಗೂ ದೀಕ್ಷಾ ಕೊಟ್ರೇನು?"

"ಹೌದಪಾ, ಇನ್ನ ಮ್ಯಾಲೆ ಪೂಜಿ ಮಾಡ್ಕೊಂಡ ಹೊರಡತೈತಿ," ಎಂದರು ನನ್ನ ಗಂಡ.

ಗಾಡಿ ಚಾಲೂ ಮಾಡಿ ಮೂವರೂ ಕುಕ್ಕರುಗಾಲಲ್ಲಿ ಕೂತೆವು. ಇಂಜಿನ್ ಕಾಯ್ದು ಫ್ಯಾನ್ ತಿರುಗಿತು. ಸ್ವಲ್ಪ ಹೊತ್ತಿಗೆ ಆ ಬಿಳುಪಿನ ಮೇಲೆ ದಾರದಂಥ ಒಂದು ಒದ್ದೆ ಕಪ್ಪು ಗೆರೆ ಮೂಡಿತು. ಅದು ಹೊರಟಿದ್ದು ಸಂದಿಯಿಂದಲ್ಲ, ಅದಕ್ಕಿಂತ ಮೇಲೆ ನೀರಿನ ಪೈಪು ಹೆಡ್ಡಿಗೆ ಕೂಡುವ ಜಾಗದಿಂದ. ಗೆರೆ ಇಳಿದು ಬಂದು ಸಂದಿ ಮುಟ್ಟಿದ ಮೇಲೆ ಅಡ್ಡಡ್ಡ ಹರಡಿತು.

"ಕಳ್ಳ ಮ್ಯಾಲಿನ ಮನ್ಯಾಗ ಅದಾನ," ಎಂದರು ಮಾವನವರು.

ಇಂಜಿನ್ ಪೂರ್ತಿ ಆರುವ ತನಕ ಕಾದು, ಕೂಲಂಟನ್ನು ಬೋಗುಣಿಗೆ ಇಳಿಸಿದೆ. ಸಿಹಿ ಇದ್ದರೂ ಅದು ವಿಷ. ಹಾಗಾಗಿ ನಾಯಿ ಮೂಸಲು ಬಂದಾಗ ಮಾವನವರು ಕೋಲು ಹಿಡಿದು ಕಾದರು. ಎರಡು ಬೋಲ್ಟ್ ಬಿಚ್ಚಿದರೆ ಪೈಪು ಕೈಗೆ ಬಂತು. ಅದರ ಬಾಯಿಗಿದ್ದ ರಬ್ಬರ್ ಉಂಗುರ ಗಟ್ಟಿಯಾಗಿ, ಚಪ್ಪಟೆಯಾಗಿ, ಒಂದು ಕಡೆ ಸೀಳಿತ್ತು.

ಅದನ್ನು ಹಿಡಿದು ಸೈಕಲ್ ಮೇಲೆ ಮೆಕ್ಯಾನಿಕ್ ಹತ್ತಿರ ಹೋದೆ. ಆತ ಉಂಗುರವನ್ನು ತಿರುಗಿಸಿ ನೋಡಿ ನಕ್ಕ. "ಚಲೋ ಆತ್ರಿ ಅಕ್ಕೋರ. ಹೆಡ್ ಬಿಚ್ಚೂ ಮುಂದ ನನಗೂ ಇದು ಸಿಗತಿತ್ತು, ಆದ್ರ ಅಷ್ಟೊತ್ತಿಗೆ ನಿಮ್ಮ ಕುಬಸ ಮುಗದಿರತಿತ್ತು." ಹುಡುಕಿ ಹೊಸದೊಂದು ಕೊಟ್ಟ. "ಹೊಲಕ್ಕ ಔಷಧ ಹೊಡಿಯೂ ಪಂಪಿನ ಉಂಗುರ ಹಾಕಬ್ಯಾಡ್ರಿ, ಕಾವಿಗೆ ತಾಳೂದಿಲ್ಲ. ಇದು ತಾಳತೈತಿ."

ಪೈಪಿನ ಬಾಯಲ್ಲಿ ಕಟ್ಟಿದ್ದ ಬಿಳಿ ಕಿಟ್ಟವನ್ನು ನನ್ನ ಗಂಡ ಬೆರಳಿಗೆ ಅರಿವೆ ಸುತ್ತಿ, ಗೀರು ಬೀಳದಂತೆ ತೆಗೆದರು. ನಾನು ಉಂಗುರಕ್ಕೆ ಕೂಲಂಟ್ ಸವರಿ ಕೂಡಿಸಿ, ಬೋಲ್ಟುಗಳನ್ನು ಒಂದಾದ ಮೇಲೊಂದು ಸ್ವಲ್ಪ ಸ್ವಲ್ಪವೇ ಬಿಗಿದೆ. ಹೊಸ ಕೂಲಂಟ್ ಹಾಕಿ, ರೇಡಿಯೇಟರಿನ ಮುಚ್ಚಳ ಹಾಕದೆಯೇ ಚಾಲೂ ಮಾಡಿದಾಗ ಒಳಗಿನ ಗಾಳಿ ಗುಳುಗುಳು ಎಂದು ಹೊರಬಂತು. ಗುಳ್ಳೆ ನಿಂತ ಮೇಲೆ ಮುಚ್ಚಳ ಬಿಗಿದು, ಮತ್ತೆ ಪುಡಿ ಬಡಿದು ಕಾದೆವು. ಫ್ಯಾನ್ ತಿರುಗಿ ನಿಂತಿತು, ಮತ್ತೆ ತಿರುಗಿತು. ಬಿಳುಪಿನ ಮೇಲೆ ಒಂದು ಚುಕ್ಕೆಯೂ ಕಾಣಲಿಲ್ಲ. ಶಾಲೆಯ ಮಕ್ಕಳ ರಿಸಲ್ಟ್ ಬಂದಾಗಲೂ ನನಗೆ ಅಷ್ಟು ಖುಷಿಯಾಗಿರಲಿಕ್ಕಿಲ್ಲ.

ಐತವಾರ ಬೆಳಿಗ್ಗೆ ಹುಬ್ಬಳ್ಳಿ ದಾಟಿ ಧಾರವಾಡದಲ್ಲಿ ನಿಲ್ಲಿಸಿ ಬಗ್ಗಿ ನೋಡಿದೆ. ಒಣಗಿತ್ತು. ಅಲ್ಲಿಂದ ಮುಂದೆ ಕಪ್ಪು ಎರೆಮಣ್ಣು ಹೋಗಿ ಕೆಂಪು ಮಣ್ಣು ಬಂತು, ಮರಗಳ ನೆರಳು ಬಂತು. ಹಿಂದೆ ಕೂತ ಗಂಡ ತಂಗಿಗಾಗಿ ತಾವೇ ಹೊಲಿದ ಹಸಿರು ರವಿಕೆಯ ಚೀಲವನ್ನು ಎದೆಗವಚಿಕೊಂಡು ಹಾಡು ಗುನುಗುತ್ತಿದ್ದರು.

ತಂಗಿಯ ಅತ್ತೆ ಬಾಗಿಲಲ್ಲೇ ಇದ್ದರು. ನನ್ನನ್ನು ನೋಡಿದರು, ಗಾಡಿ ನೋಡಿದರು. ಆರತಿಯಾಗಿ, ಊಟವಾಗಿ, ಹೆಂಗಸರೆಲ್ಲ ಎಲೆ ಅಡಿಕೆಗೆ ಕೂತಾಗ ಮೆಲ್ಲಗೆ ನನ್ನ ಬಾಜು ಬಂದರು.

"ಹಿಂದ ಕುಂತ್ರ ಬೀಳಂಗಿಲ್ಲಲ್ಲ ಮತ್ತ?"

"ಬೀಳಂಗಿಲ್ರಿ. ನನ್ನ ಗಟ್ಟಿ ಹಿಡ್ಕೋರಿ."

ಇಳಕಲ್ ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದು ಅವರು ಹತ್ತಿ ಕೂತರು. ರೈಲ್ವೆ ಸ್ಟೇಷನ್ನಿನ ತನಕ ಹೋಗಿ ತಿರುಗಿಸಲು ನಾನು ಗಾಡಿ ನಿಧಾನ ಮಾಡಿದೆ. ಹೆಗಲ ಮೇಲಿದ್ದ ಅವರ ಕೈ ನನ್ನನ್ನು ತಟ್ಟಿತು.

"ಇಷ್ಟ ಲಗೂನ ತಿರುಗಸ್ತಿ ಯಾಕವಾ? ಇನ್ನೊಂದಿಷ್ಟು ಮುಂದ ಹೋಗೂಣು ನಡಿ."