ಹಿಮಕ್ಕೆ ಹೊರಟ ಗಾಡಿಯ ಡಿಫರೆನ್ಶಿಯಲ್

ಆ ಹಿರಿಯರು ಕತಾರಿನ ನಮ್ಮ ಗ್ಯಾರೇಜಿಗೆ ಬಂದದ್ದು, ಸಿರಿಯಾದಲ್ಲಿ ಯುದ್ಧ ಶುರುವಾಗುವ ಮೊದಲಿನ ಒಂದು ನವೆಂಬರಿನಲ್ಲಿ. ಶಾಲಾ ಮೇಷ್ಟರಾಗಿ ನಿವೃತ್ತರಾದ ಕತಾರಿ. ನಮ್ಮೊಡನೆ ಅರ್ಧ ಹಿಂದಿ, ಅರ್ಧ ಅರಬಿಯಲ್ಲಿ ಮಾತಾಡುತ್ತಿದ್ದರು. ಚಳಿಗಾಲ ಮುಗಿಯುವುದರೊಳಗೆ ಹೆಂಡತಿಯನ್ನು ಕೂರಿಸಿಕೊಂಡು, ಸೌದಿ, ಜೋರ್ಡಾನ್, ಸಿರಿಯಾ ದಾಟಿ, ಟರ್ಕಿಯ ಬೆಟ್ಟಗಳವರೆಗೆ ತಾವೇ ಗಾಡಿ ಓಡಿಸುವವರಿದ್ದರು. ಮದುವೆಯಾದಂದಿನಿಂದ ಆಕೆಗೆ ಹಿಮ ನೋಡುವ ಆಸೆಯಂತೆ.

“ಸದೀಕ್, ಮರಳಿಗೆ ಹಾಕ್ತೀಯಲ್ಲ, ಅದೇ ಲಾಕರ್ ಹಾಕು. ಯಲ್ಲಾ, ಬೇಗ, ನಾಳೆಗೆ ಬೇಕು,” ಎಂದರು. ಅವರಿಗೆ ಗ್ಯಾರೇಜಿನವರೆಲ್ಲ ‘ಸದೀಕ್’, ಅಂದರೆ ಗೆಳೆಯ.

ಬಿಡಿಭಾಗಗಳ ಕೌಂಟರಿನಲ್ಲಿ ನಾನಿದ್ದೆ. ಯಾವ ಗಾಡಿಗೆ ಯಾವುದು ಹೊಂದುತ್ತದೆಂದು ಹೇಳುವುದು ನನ್ನ ಕೆಲಸ. ಹಾಕುವುದು ಕಾಕನ ಕೆಲಸ. ಕಾಕ ಎಂದರೆ ನಮ್ಮ ಹೆಡ್ ಮೆಕ್ಯಾನಿಕ್, ಉಳ್ಳಾಲದ ಬ್ಯಾರಿ, ನಾನು ಹುಟ್ಟುವ ಮೊದಲೇ ಸ್ಪ್ಯಾನರ್ ಹಿಡಿದವರು.

ಗಾಡಿ ತಿರುಗುವಾಗ ಹೊರಗಿನ ಚಕ್ರ ಹೆಚ್ಚು ಓಡಬೇಕು, ಒಳಗಿನದು ಕಡಿಮೆ. ಅದಕ್ಕೆ ಅವಕಾಶ ಕೊಡುವುದು ಡಿಫರೆನ್ಶಿಯಲ್. ಅದರ ದೋಷ ಒಂದೇ: ಒಂದು ಚಕ್ರದ ಹಿಡಿತ ತಪ್ಪಿದರೆ ಅದೊಂದೇ ಗಿರ್ರನೆ ತಿರುಗುತ್ತದೆ, ನೆಲ ಕಚ್ಚಿಕೊಂಡ ಇನ್ನೊಂದು ಸುಮ್ಮನಿರುತ್ತದೆ. ಅದಕ್ಕೇ ಮರಳುದಿಬ್ಬ ಹತ್ತುವವರೆಲ್ಲ ಆಟೋಮ್ಯಾಟಿಕ್ ಲಾಕರ್ ಹಾಕಿಸುತ್ತಿದ್ದರು. ಆಕ್ಸಿಲರೇಟರ್ ಒತ್ತಿದರೆ ಸಾಕು, ಎರಡೂ ಚಕ್ರ ಒಟ್ಟಿಗೇ ತಿರುಗುತ್ತವೆ. ನಮ್ಮ ಶೆಲ್ಫಿನಲ್ಲೇ ಇತ್ತು, ಮಾರಿಬಿಡಬಹುದಿತ್ತು. ಆದರೆ ಹಿಮವನ್ನು ನಾನು ಫ್ರೀಜರಿನ ಗೋಡೆಯ ಮೇಲೆ ಬಿಟ್ಟು ಬೇರೆಲ್ಲೂ ಕಂಡವನಲ್ಲ. ಗೊತ್ತಿಲ್ಲದ ದಾರಿಗೆ ಗೊತ್ತಿದ್ದವನ ಹಾಗೆ ಸಾಮಾನು ಕೊಡಲು ಮನಸ್ಸಾಗಲಿಲ್ಲ.

“ಒಂದು ವಾರ ಕೊಡಿ ಬಾಬಾ,” ಎಂದೆ.

ನಾವು ವಾಸವಿದ್ದ ಮುಐದರ್ ಬಡಾವಣೆಯಲ್ಲಿ, ನಮ್ಮ ಪಕ್ಕದ ರೂಮಿನಲ್ಲಿ ಹಿಮಾಚಲದ ಒಬ್ಬ ಟ್ಯಾಂಕರ್ ಡ್ರೈವರ್ ಇದ್ದ. ಊರಿನಲ್ಲಿ ಹಿಮದ ಘಾಟಿಗಳಲ್ಲಿ ಲಾರಿ ಓಡಿಸಿದವನು. ಶುಕ್ರವಾರ ಅವನು ಈರುಳ್ಳಿ ಹೆಚ್ಚುತ್ತಿದ್ದಾಗ ಹೋಗಿ ಕೇಳಿದೆ. ಚಾಕು ಕೆಳಗಿಟ್ಟು ಹಿಂದಿಯಲ್ಲಿ ಹೇಳಿದ: “ಒಂದು ಚಕ್ರ ಜಾರಿದರೆ ಗಾಡಿ ನಿಲ್ಲುತ್ತದೆ, ಅಷ್ಟೇ. ಓರೆ ರಸ್ತೆಯಲ್ಲಿ ಎರಡೂ ಒಟ್ಟಿಗೆ ಜಾರಿದರೆ ಗಾಡಿಯ ಹಿಂಭಾಗ ಕಣಿವೆ ಕಡೆ ಹೋಗುತ್ತದೆ.”

ಕಾಕನಿಗೆ ಹೇಳಿದರೆ ನಕ್ಕುಬಿಟ್ಟರು. “ಮರಳೂ ಜಾರ್ತದೆ, ಹಿಮವೂ ಜಾರ್ತದೆ. ಎಂತ ವ್ಯತ್ಯಾಸ ಮಾರಾಯ? ಕೇಳಿದ್ದು ಹಾಕಿ ಕಳಿಸು, ಖಲಾಸ್.”

“ವ್ಯತ್ಯಾಸ ಉಂಟಾ ಇಲ್ವಾ ಅಂತ ನೋಡಿಯೇ ಹಾಕುವ ಕಾಕ.”

ಗ್ಯಾರೇಜಿನ ಹಿಂದೆ ಗಾಡಿ ತೊಳೆಯುವ ಜಾಗವಿತ್ತು, ನೀರು ಇಳಿದು ಹೋಗಲು ಒಂದು ಕಡೆಗೆ ಓರೆಯಾದ ಕಾಂಕ್ರೀಟ್ ನೆಲ. ಅದಕ್ಕೆ ಎರಡು ಬಕೆಟ್ ಸೋಪು ನೀರು ಸುರಿದು ಪೊರಕೆಯಲ್ಲಿ ನೊರೆ ಎಬ್ಬಿಸಿದೆ. ನಮ್ಮಲ್ಲಿ ಒಂದೇ ತರಹದ ಎರಡು ಹಳೆಯ ಜೀಪುಗಳಿದ್ದವು. ಒಂದಕ್ಕೆ ಹಿಂದುಗಡೆ ಲಾಕರ್, ಇನ್ನೊಂದಕ್ಕೆ ಇಲ್ಲ. ಕಾಕ ಗೊಣಗುತ್ತಲೇ ಲಾಕರ್ ಇಲ್ಲದ್ದನ್ನು ಓರೆಗೆ ಅಡ್ಡಲಾಗಿ ನಡೆಸಿದರು. ಹಿಂದಿನ ಒಂದು ಚಕ್ರ ತಿರುಗಿತು. ಜೀಪು ನಿಂತಲ್ಲೇ ನಿಂತಿತು. ಆಮೇಲೆ ಲಾಕರಿನದು. ಆಕ್ಸಿಲರೇಟರ್ ಒತ್ತಿದ್ದೇ ತಡ, ಎರಡೂ ಚಕ್ರ ಒಟ್ಟಿಗೆ ಜಾರಿ, ಹಿಂಭಾಗ ಇಳಿಜಾರಿನತ್ತ ವಾಲಿಕೊಂಡು ಹೋಗಿ ಖಾಲಿ ಡ್ರಮ್ಮಿಗೆ ಬಡಿಯಿತು.

ಕಾಕ ಇಳಿದು ಬಂದು ಡ್ರಮ್ ನೋಡಿದರು, ನನ್ನನ್ನು ನೋಡಿದರು. “ಇದನ್ನು ಆ ಅಜ್ಜನಿಗೆ ಹಾಕ್ಲಿಕ್ಕಿಲ್ಲ,” ಎಂದರು.

ಉಳಿದದ್ದು ಸ್ವಿಚ್ಚಿನ ಲಾಕರ್. ಸ್ವಿಚ್ ಒತ್ತಿದಾಗ ಮಾತ್ರ ಗಾಳಿಯ ಒತ್ತಡದಿಂದ ಲಾಕ್ ಆಗುತ್ತದೆ. ಇಲ್ಲದಿದ್ದರೆ ಮಾಮೂಲಿ ಡಿಫರೆನ್ಶಿಯಲ್. ಅದು ದುಬೈಯಿಂದ ಬರಬೇಕಿತ್ತು, ಇನ್ನೂ ಮೂರು ವಾರ. ಹಿರಿಯರು ಸಿಟ್ಟಾದರು.

“ಬೇರೆ ಗ್ಯಾರೇಜಿಗೆ ಹೋಗ್ತೇನೆ.”

“ಹೋಗಿ ಬಾಬಾ. ಆದರೆ ಮೊದಲು ಈ ಲಾಕರಿನ ಜೀಪಿನಲ್ಲಿ ಒಮ್ಮೆ ಕೂತು ನೋಡಿ.”

ಮತ್ತೆ ಸೋಪು ಸುರಿದೆ. ಕಾಕನ ಪಕ್ಕದ ಸೀಟಿನಲ್ಲಿ ಅವರನ್ನು ಕೂರಿಸಿದೆ. ಜೀಪು ಮತ್ತೆ ಅದೇ ರೀತಿ ಪಕ್ಕಕ್ಕೆ ಜಾರಿತು. ಅವರು ಕೂಡಲೇ ಇಳಿಯಲಿಲ್ಲ. ತಾವು ಕೂತಿದ್ದ ಸೀಟನ್ನು ಅಂಗೈಯಿಂದ ತಟ್ಟಿ, “ಅವಳು ಕೂರುವುದು ಇಲ್ಲಿ,” ಎಂದರು. ಆಮೇಲೆ ಇಳಿಯುತ್ತಾ, “ದುಬೈಯಿಂದಲೇ ಬರಲಿ. ಕಾಯ್ತೇನೆ.”

ಹಿಂದುಗಡೆ ಮಾತ್ರ ಹಾಕಿದೆವು. ಮುಂದಕ್ಕೂ ಬೇಕೆಂದು ಹಟ ಮಾಡಿದರು. ಅದು ಲಾಕ್ ಆದರೆ ಸ್ಟೀರಿಂಗ್ ಮಾತು ಕೇಳುವುದಿಲ್ಲವೆಂದು ನಾನೂ ಹಟ ಹಿಡಿದೆ. ಅಲ್ ರಯ್ಯಾನಿನ ಒಂದು ಖಾಲಿ ಬಯಲಿನಲ್ಲಿ ಮೂರು ಸಂಜೆ ಅವರಿಂದಲೇ ಓಡಿಸಿದೆ. ನೆಟ್ಟಗಿನ ಏರಿನಲ್ಲಿ ಸಿಕ್ಕಿಕೊಂಡರೆ ಒತ್ತಬೇಕು; ತಿರುವು, ಇಳಿಜಾರು, ಓರೆ ರಸ್ತೆಯಲ್ಲಿ ‘ಮಾಫಿ’, ಒತ್ತಲೇಬಾರದು. ಹೇಳಿಸಿದ್ದನ್ನೇ ಮತ್ತೆ ಹೇಳಿಸಿದೆ. “ನಾನು ಮೇಷ್ಟ್ರು, ನೀನಲ್ಲ,” ಎಂದು ರೇಗಿದರು. ಆದರೂ ಪಾಠ ಒಪ್ಪಿಸಿದರು.

ಅವರು ಹೊರಟ ಮೇಲೆ ನನಗೆ ನೆಮ್ಮದಿಯಿರಲಿಲ್ಲ. ಗ್ಯಾರೇಜಿನ ಫೋನ್ ರಿಂಗಾದಾಗಲೆಲ್ಲ ನಾನೇ ಓಡಿಹೋಗಿ ಎತ್ತುತ್ತಿದ್ದೆ.

ಫೆಬ್ರವರಿಯಲ್ಲಿ ಬಂದರು. ಮುಂದಿನ ಬಂಪರ್ ಒಳಕ್ಕೆ ಹೋಗಿತ್ತು. ನಾನು ಅದನ್ನೇ ನೋಡುತ್ತಿದ್ದುದು ಕಂಡು ತಾವೇ ಹೇಳಿದರು: “ಒಂದು ಏರಿನಲ್ಲಿ ಬೇರೆ ಗಾಡಿಗಳು ನಿಂತಿದ್ದವು. ಒತ್ತಿದೆ, ಹತ್ತಿದೆ. ಖುಷಿಯಲ್ಲಿ ಆಫ್ ಮಾಡಲು ಮರೆತೆ. ತಿರುವಿನಲ್ಲಿ ಗಾಡಿ ನೆಟ್ಟಗೆ ಹಿಮದ ರಾಶಿಗೆ ಹೋಯಿತು.”

“ಅಮ್ಮ?” ಎಂದೆ.

“ಅವಳು ನಕ್ಕಳು. ‘ನಿನ್ನ ಗ್ಯಾರೇಜಿನ ಹುಡುಗ ಹೇಳಿದ್ದೂ ಇದನ್ನೇ ಅಲ್ವಾ’ ಅಂದಳು. ಇಳಿದು ಕೈತುಂಬ ಹಿಮ ತಂದಳು.”

ಕಾಕ ಬಂಪರ್ ಬಿಚ್ಚುತ್ತಿದ್ದಾಗ ಅವರು ಮತ್ತೊಂದು ಮಾತು ತೆಗೆದರು. ಮುಂದಿನ ವರ್ಷ ಹಿಮ ನೋಡಲು ಅವರ ತಮ್ಮನೂ ಬರುತ್ತಾನೆ, ಅವನ ಗಾಡಿಗೂ ಈಗಲೇ ಆರ್ಡರ್ ಮಾಡಬೇಕು.

“ಗಾಡಿ ಆಮೇಲೆ ನೋಡುವ ಬಾಬಾ,” ಎಂದೆ. “ಮೊದಲು ತಮ್ಮನನ್ನು ಕರಕೊಂಡು ಬನ್ನಿ. ಸೋಪು ನೀರು ನಾನು ಕಲಸಿಡ್ತೇನೆ.”